ಹೆಸರು ಹಿಡಿದು ಕರೆಯುವ ಕಾರು

ಕೋರಾಟ್,
ಶನಿವಾರ, ಸೆಪ್ಟೆಂಬರ್ 14, ಬುದ್ಧವರ್ಷ 2567

ನಮ್ಮ ಮನೆಯ ಸ್ವಾಮಿಗಳಾದ ತಮ್ಮನಿಗೆ,

ಅಕ್ಕ ತುಯ್ ಮೂರು ಸಲ ನೆಲಕ್ಕೆ ಹಣೆ ಮುಟ್ಟಿಸಿ ಬರೆಯುವುದು. ಮೂರು ಸಲವೂ ನಿಜವಾಗಿ ಮುಟ್ಟಿಸಿದ್ದೇನೆ, ಅಂಗಡಿಯ ಬಾಗಿಲು ಎಳೆದುಕೊಂಡು, ಯಾರೂ ನೋಡದ ಹಾಗೆ. ಚಡ್ಡಿ ಇಲ್ಲದೆ ಓಡಾಡುತ್ತಿದ್ದವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಈಗ ಅವನಿಗೇ ಅಡ್ಡಬೀಳಬೇಕೆಂದರೆ ಮಂಡಿಗಿಂತ ಮನಸ್ಸಿಗೆ ಹೆಚ್ಚು ನೋವು. ಕಾವಿ ಉಟ್ಟವರನ್ನು 'ನೀವು' ಅನ್ನಬೇಕು ಎಂದು ಅಮ್ಮ ಹತ್ತು ಸಲ ಹೇಳಿದ್ದಾಳೆ. ಇಗೋ, ಈ ನಾಲ್ಕು ಸಾಲು ನೀವು, ಆಮೇಲೆ ನನ್ನ ಕೈಲಾಗುವುದಿಲ್ಲ. ತಾವು ಕ್ಷೇಮವೇ? ದಿನಕ್ಕೆ ಒಂದೇ ಊಟವಂತೆ, ಅದೂ ಅನ್ನ, ಮೀನು, ಸಿಹಿ ಎಲ್ಲ ಒಂದೇ ಪಾತ್ರೆಯಲ್ಲಿ ಕಲೆಸಿಕೊಂಡು. ಹೊಟ್ಟೆಯ ಹುಳಿ ಏಳುತ್ತಿದೆಯೇ? ಲೋಯೆಯ ಕಾಡಿನಲ್ಲಿ ಈ ತಿಂಗಳು ಜಿಗಣೆಗಳು ಜಾಸ್ತಿ ಎಂದು ಕೇಳಿದೆ. ತಾವು ಅವನ್ನು ಹೊಸಕಿ ಹಾಕುವಂತಿಲ್ಲವಲ್ಲ, ಉಪ್ಪಿನ ಪೊಟ್ಟಣ ಇಟ್ಟುಕೊಂಡರೆ ನಿಯಮ ಮುರಿದಂತಾಗುತ್ತದೆಯೇ ಎಂದು ಗುರುಗಳನ್ನು ಕೇಳಿ ನೋಡಿ. ಎಡಗಾಲಿನ ಮಂಡಿಯನ್ನು ಬೆಳಿಗ್ಗೆ ಎದ್ದಕೂಡಲೇ ಮಡಚಬೇಡಿ.

ಸಾಕು, ಇನ್ನು ನೀನು. ಅಮ್ಮನ ಸುದ್ದಿ ಆಮೇಲೆ ಬರೆಯುತ್ತೇನೆ, ಮೊದಲು ಕಾರಿನದು. ನಿನ್ನ ಕಾರಿನ ನಡುವಿನ ಆ ದೊಡ್ಡ ಪರದೆ ಸತ್ತುಹೋಗಿತ್ತು. ಈಗ ಬದುಕಿದೆ. ಬದುಕಿಸಿದವಳು ನಾನು. ಯಾವುದನ್ನು ಮಾಡಬೇಡ ಅಂದಿದ್ದೆಯೋ ಅದನ್ನೇ ಮಾಡಿದ್ದೇನೆ, ಬಿಚ್ಚಿದ್ದೇನೆ. ಕೋಪ ಬಂದರೆ ಕಣ್ಣು ಮುಚ್ಚಿ ಉಸಿರು ಎಣಿಸು, ಅದನ್ನು ಕಲಿಯುವುದಕ್ಕೇ ತಾನೇ ಅಲ್ಲಿಗೆ ಹೋಗಿದ್ದೀಯ.

ಜುಲೈನಲ್ಲಿ, ಮಳೆಗಾಲದ ಮೂರು ತಿಂಗಳ ದೀಕ್ಷೆಗೆ ಮೂರು ದಿನ ಇದ್ದಾಗ ನೀನು ಆ ಕಾರನ್ನು ಬ್ಯಾಂಕಾಕಿನಿಂದ ತಂದು ನನ್ನ ಅಂಗಡಿಯ ತಗಡಿನ ಚಾವಣಿ ಕೆಳಗೆ ನಿಲ್ಲಿಸಿದೆ. ಒಂದು ಹಾಳೆಯಲ್ಲಿ ಬರೆದುಕೊಟ್ಟೆ: ವಾರಕ್ಕೊಮ್ಮೆ ಹದಿನೈದು ನಿಮಿಷ ಚಾಲೂ ಮಾಡಬೇಕು, ಒರಟು ಬಟ್ಟೆಯಲ್ಲಿ ಒರೆಸಬಾರದು, ಒಳಗೆ ಕೂತು ಏನೂ ತಿನ್ನಬಾರದು. ಆಮೇಲೆ ನನ್ನ ಭುಜ ತಟ್ಟಿ, "ಅಕ್ಕ, ಏನಾದ್ರೂ ಆದ್ರೆ ಕಂಪನಿಗೆ ಫೋನ್ ಮಾಡು. ನೀನ್ ಮಾತ್ರ ಬಿಚ್ಚಕ್ಕೆ ಹೋಗ್ಬೇಡ. ಇದು ನಿನ್ ಪಿಕಪ್ ಗಾಡಿ ಅಲ್ಲ" ಅಂದೆ. ನಕ್ಕುಕೊಂಡು ಅಂದೆ, ಅದಕ್ಕೇ ಹೆಚ್ಚು ಉರಿಯಿತು. ಇಪ್ಪತ್ತೇಳು ವರ್ಷದಿಂದ ಈ ಊರಿನ ಗಾಡಿಗಳ ರೇಡಿಯೋ, ಪರದೆ, ವೈರು ಎಲ್ಲ ನನ್ನ ಕೈಯಲ್ಲಿ ಹಾದುಹೋಗಿವೆ. ಅಪ್ಪ ಬೆಸುಗೆಯ ಕಡ್ಡಿ ಹಿಡಿಯುವುದನ್ನು ಕಲಿಸಲು ಕೂರಿಸಿದ್ದು ನಿನ್ನನ್ನು. ನೀನು ಹೊಗೆಗೆ ಕೆಮ್ಮಿ ಎದ್ದುಹೋದೆ, ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ನಾನು ಕಲಿತೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಿನ್ನ ಪಾಲಿಗೆ ನಾನು ಇವತ್ತಿಗೂ ಹಿತ್ತಲ ಗಿಡ.

ಈಗ ಪತ್ರದಲ್ಲಾದರೂ ಹೇಳಿಬಿಡುತ್ತೇನೆ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು. ಇವತ್ತು ನಿನ್ನೆಯದಲ್ಲ, ನೀನು ಹುಟ್ಟಿದ ಮಳೆಗಾಲದಿಂದ ಇದೆ. ದೊಡ್ಡ ಬಾಯಿ ತೆರೆದು ವಟವಟ ಅಳುತ್ತಿದ್ದೆ ಎಂದು ಕೊಬ್, ಅಂದರೆ ಕಪ್ಪೆ, ಎಂದು ನಿನಗೆ ಹೆಸರಿಟ್ಟವಳು ನಾನು, ಎಂಟು ವರ್ಷದವಳು. ಆ ಹೆಸರೂ ಹೊಟ್ಟೆಕಿಚ್ಚಿನಿಂದಲೇ ಇಟ್ಟದ್ದು. ಆದರೆ ಅಮ್ಮ ಅದನ್ನು ಎಷ್ಟು ಮುದ್ದಾಗಿ ಕರೆದಳೆಂದರೆ ಬೈಗುಳವೇ ಬಂಗಾರವಾಯಿತು. ಆಮೇಲೆ ಬ್ಯಾಂಕಾಕಿನ ಓದು, ಗಾಜಿನ ಕಟ್ಟಡದಲ್ಲಿ ಕೆಲಸ, ನೆಲಕ್ಕೆ ಹೊಟ್ಟೆ ಹಚ್ಚಿ ಓಡುವ ಈ ಕೆಂಪು ಕಾರು. ಅದನ್ನೆಲ್ಲ ಹೇಗೋ ನುಂಗಿಕೊಂಡೆ. ನುಂಗಲಾಗದ್ದು ಕಾವಿ. ಮಗ ಕಾವಿ ಉಟ್ಟರೆ ತಾಯಿ ಅದರ ಅಂಚು ಹಿಡಿದು ಸ್ವರ್ಗಕ್ಕೆ ಹೋಗುತ್ತಾಳಂತೆ. ಮಗಳು ಮುಂಜಾನೆ ಗಂಜಿ ಕಾಯಿಸಿಕೊಟ್ಟರೆ, ಕಾಲು ಒತ್ತಿದರೆ, ಆಸ್ಪತ್ರೆಯಲ್ಲಿ ಬೆಂಚಿನ ಮೇಲೆ ಕೂತರೆ ತಾಯಿ ಎಲ್ಲಿಗೆ ಹೋಗುತ್ತಾಳೆ? ಯಾವ ಸ್ವಾಮಿಗಳೂ ಅದನ್ನು ಹೇಳಿಲ್ಲ. ಮೂವತ್ತು ವರ್ಷ ನಾನು ಮಾಡಿದ್ದನ್ನು ನೀನು ತಲೆ ಬೋಳಿಸಿಕೊಂಡು ಒಂದು ಬೆಳಿಗ್ಗೆಯಲ್ಲಿ ದಾಟಿಹೋದೆ.

ಆ ಬೆಳಿಗ್ಗೆಯನ್ನು ನಾನು ನೋಡಲೂ ಇಲ್ಲ, ನಿನಗೆ ಗೊತ್ತೋ ಇಲ್ಲವೋ. ನಿನ್ನನ್ನು ಹೆಗಲ ಮೇಲೆ ಹೊತ್ತು ದೀಕ್ಷಾಮಂದಿರಕ್ಕೆ ಮೂರು ಸುತ್ತು ಹಾಕುತ್ತಾರಲ್ಲ, ಅಮ್ಮ ಕಾವಿಯ ಗಂಟನ್ನು ಎದೆಗವಚಿಕೊಂಡು ಮುಂದೆ ನಡೆದಳು. ಭಿಕ್ಷಾಪಾತ್ರೆ ಹಿಡಿಯಬೇಕಾದವನು ಅಪ್ಪ. ಅಪ್ಪನಿಲ್ಲ, ನಾನು ಹಿಡಿಯುತ್ತೇನೆ ಎಂದು ರೇಷ್ಮೆಯ ಲಂಗ ಉಟ್ಟು ಬಂದಿದ್ದೆ. ಅಷ್ಟರಲ್ಲಿ ವಾದ್ಯದವರ ಧ್ವನಿವರ್ಧಕ ಕೆಟ್ಟು ನಿಂತಿತು. "ತುಯ್ ಎಲ್ಲಿ? ತುಯ್‌ನ ಕರೀರಿ" ಎಂದು ಇಡೀ ಊರು ಕೂಗಿತು. ಪಾತ್ರೆಯನ್ನು ಮಾವನ ಕೈಗೆ ಕೊಟ್ಟು ಹೋದೆ. ವಾದ್ಯದ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ವೈರು ಸುಲಿದು ಜೋಡಿಸುವಷ್ಟರಲ್ಲಿ ಮೂರು ಸುತ್ತೂ ಮುಗಿದಿತ್ತು. ನನ್ನಿಂದಾಗಿ ಎಲ್ಲರೂ ಕುಣಿದರು. ಫೋಟೋದಲ್ಲಿ ನಾನು ಇಲ್ಲ, ಬೇಕಾದರೆ ಬಂದ ಮೇಲೆ ಹುಡುಕಿ ನೋಡು.

ನೀನು ಹೋದ ಮೇಲೆ ಕಾರು ಉಳಿಯಿತು. ವಾರಕ್ಕೊಮ್ಮೆ ಅಂದಿದ್ದೆ, ನಾನು ದಿನಾ ಚಾಲೂ ಮಾಡಿದೆ. ಮಧ್ಯಾಹ್ನ ಊಟ ಮುಗಿಸಿ, ಕಾಲು ತೊಳೆದು, ನಿನ್ನ ಸ್ಟೀರಿಂಗ್ ಹಿಂದೆ ಕೂರುತ್ತಿದ್ದೆ. ಏನೂ ತಿನ್ನುತ್ತಿರಲಿಲ್ಲ. ಗುಂಡಿ ಒತ್ತಿದರೆ ಪರದೆ ಬೆಳಗಿ, ಜೇನಿನಂಥ ದನಿಯ ಹೆಣ್ಣೊಬ್ಬಳು "ಕೊಬ್ ಅವರೇ, ಸ್ವಾಗತ" ಅನ್ನುತ್ತಾಳೆ. ನಾನು ಇಟ್ಟ ಹೆಸರನ್ನು ನನ್ನ ಎದುರೇ ಅಷ್ಟು ಗೌರವದಿಂದ ಹೇಳುತ್ತಾಳೆ. ಕೂತಿರುವವಳು ನಾನು, ಕೀಲಿ ನನ್ನ ಕೈಯಲ್ಲಿ, ಬೆವರು ನನ್ನದು, ಸ್ವಾಗತ ನಿನಗೆ. ಕಾಡಿನಲ್ಲಿ ಕಣ್ಣು ಮುಚ್ಚಿ ಕೂತವನಿಗೆ ಇಲ್ಲಿ ಸ್ವಾಗತ. ನಮ್ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವುದು ಏನಾದರೂ ಕೆಟ್ಟಾಗ ಮಾತ್ರ.

ಇನ್ನು ಅಮ್ಮ. ಸೋಮವಾರ ಹುಟ್ಟಿದವನಿಗೆ ಕೆಂಪು ಆಗಿಬರುವುದಿಲ್ಲ ಎಂದು ಅಮ್ಮನಿಗೆ ಕಾರು ನೋಡಿದ ದಿನದಿಂದ ಸಂಕಟ. ನಿನ್ನೆದುರು ಬಾಯಿ ಬಿಡಲಿಲ್ಲ. ನೀನು ಆ ಕಡೆ ಹೋದದ್ದೇ ತಡ, ಸಂತೆಯಿಂದ ಒಂದು ಚೀಟಿ ತಂದು ಹಿಂದಿನ ಗಾಜಿಗೆ ಅಂಟಿಸಿದಳು: "ಈ ಕಾರಿನ ಬಣ್ಣ ಹಳದಿ." ಬೆಂಕಿಯ ಹಾಗೆ ಕೆಂಪಗಿರುವ ಕಾರಿನ ಮೇಲೆ. ಗ್ರಹಗಳಿಗೆ ಓದಲು ಬರುತ್ತದೆ, ಕಣ್ಣು ಕಾಣುವುದಿಲ್ಲ ಎಂದು ಅಮ್ಮನ ನಂಬಿಕೆ. ನೀನು ಆ ಚೀಟಿಯನ್ನು ಬಂದು ಕೆರೆಯಬೇಡ, ಹಾಗೇ ಇರಲಿ. ಚೀಟಿಯೂ ಸಾಲದಾಗಿ, ಕಾರನ್ನು ಒಳ್ಳೆಯ ಗಳಿಗೆ ನೋಡದೆ ತಂದಿದ್ದಾನೆ, ಸ್ವಾಮಿಗಳ ಕೈಯಲ್ಲಿ ಆಶೀರ್ವಾದ ಮಾಡಿಸಿಲ್ಲ ಎಂದು ಹಠ ಹಿಡಿದು ನಮ್ಮ ಬೀದಿಯ ವಿಹಾರದ ಲುವಾಂಗ್ ಪೋ ಅವರನ್ನು ಕರೆಸಿದಳು. ಎಂಬತ್ತೆರಡು ವರ್ಷದ ಮುದುಕರು, ಅಪ್ಪನ ಅಂತ್ಯಕ್ರಿಯೆಗೂ ಅವರೇ, ಅಂಗಡಿಯ ಬೋರ್ಡು ಏರಿಸಿದಾಗಲೂ ಅವರೇ.

ಆಗಸ್ಟ್ ಎಂಟು, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ ಒಂಬತ್ತು ನಿಮಿಷಕ್ಕೆ ಮುಹೂರ್ತ. ಲುವಾಂಗ್ ಪೋ ನಡುಗುವ ಕೈಯಿಂದ ಚಾಲಕನ ತಲೆಯ ಮೇಲಿನ ಬಟ್ಟೆಗೆ ಬಿಳಿ ಗಂಧದಲ್ಲಿ ಮಂತ್ರ ಬರೆದರು, ಚಿನ್ನದ ರೇಕು ಅಂಟಿಸಿದರು, ಸ್ಟೀರಿಂಗಿಗೆ ದಾರ ಸುತ್ತಿದರು. ಆಮೇಲೆ ಕಡ್ಡಿಗಳ ಕಟ್ಟನ್ನು ಬಟ್ಟಲಿಗೆ ಅದ್ದಿ ತೀರ್ಥ ಎರಚಿದರು. ಅವರ ಕೈ ಧಾರಾಳ, ನಿನಗೆ ಗೊತ್ತಲ್ಲ. "ಇನ್ನೂ ಹಾಕಿ, ಇನ್ನೂ ಹಾಕಿ, ನನ್ ಮಗ ಎಷ್ಟು ವೇಗ ಓಡಿಸ್ತಾನೆ ಗೊತ್ತಾ" ಎಂದು ಅಮ್ಮ ಬೇಡಿದಳು. ಅವರು ಇನ್ನೂ ಹಾಕಿದರು. ಅಮ್ಮ ಪಕ್ಕದ ಸೀಟಿನಲ್ಲಿ ಕೈಮುಗಿದು ಕೂತಿದ್ದಳು, ನಾನು ಗುಂಡಿ ಒತ್ತಿದೆ. ಪರದೆ ಒಮ್ಮೆ ಬೆಳಗಿತು, ಮೂರು ಅಂಕಿ ತೋರಿಸಿತು, ಕಪ್ಪಾಯಿತು. ಅಷ್ಟೇ. ಅಂಥ ಕಾರಿನಲ್ಲಿ ಎಲ್ಲವೂ ಆ ಪರದೆಯ ಕೈಯಲ್ಲಿ. ಹಾಡು ಹೋಯಿತು, ದಾರಿ ತೋರಿಸುವುದು ಹೋಯಿತು, ಎಸಿ ಮಾತ್ರ ಅತಿ ತಂಪಿನಲ್ಲಿ ನಿಂತು ಬುಸುಗುಟ್ಟಿತು. ಅದನ್ನು ಕಡಿಮೆ ಮಾಡಲು ಒಂದು ತಿರುಪೂ ಇಲ್ಲ ಆ ಕಾರಿನಲ್ಲಿ. ಅಮ್ಮ ತೀರ್ಥದಲ್ಲಿ ತೊಯ್ದು ಹಲ್ಲು ಕಟಕಟಿಸುತ್ತ, "ಏ ತುಯ್, ನಾನ್ ಏನ್ ಮಾಡ್ಬಿಟ್ಟೆ?" ಅಂದಳು.

ನಿನ್ನ ಮಾತಿನಂತೆ ಕಂಪನಿಗೆ ಫೋನ್ ಮಾಡಿದೆ. ನಾಲ್ಕನೇ ದಿನ ಬ್ಯಾಂಕಾಕಿನಿಂದ ಒಬ್ಬ ಬಂದ. ಕೈಗೆ ಬಿಳಿ ಗವಸು, ಮಗುವಿನ ಕೆನ್ನೆಯ ಹಾಗಿರುವ ಉಗುರು. ನನ್ನ ಅಂಗಡಿಯ ಸ್ಟೂಲನ್ನು ಕರವಸ್ತ್ರದಲ್ಲಿ ಒರೆಸಿ ಕೂತ. ನನ್ನ ಮೀಟರು, ನನ್ನ ಬೆಸುಗೆ ಮೇಜು ಎಲ್ಲ ಅವನ ಮೂಗಿನ ಮುಂದೆಯೇ ಇವೆ, ಆದರೂ "ಅಕ್ಕ, ಸ್ವಲ್ಪ ದೂರ ನಿಲ್ಲಿ, ಇದು ಸೂಕ್ಷ್ಮ" ಅಂದ. ಲ್ಯಾಪ್‌ಟಾಪಿಗೆ ತಂತಿ ಚುಚ್ಚಿ ಹತ್ತು ನಿಮಿಷ ನೋಡಿದ. ಸೀಟಿನ ಮೇಲಿನ ತೀರ್ಥದ ಕಲೆ, ಗಂಧ, ಚಿನ್ನದ ರೇಕು ಎಲ್ಲದರ ಫೋಟೋ ತೆಗೆದುಕೊಂಡ. ತೆಗೆಯುವುದಕ್ಕೆ ಮುಂಚೆ ಮಂತ್ರಕ್ಕೆ ಕೈಮುಗಿದ, ಅದೊಂದು ಒಳ್ಳೆಯ ಗುಣ. "ಒಳಗೆ ನೀರು ಹೋಗಿದೆ ತಾಯಿ. ಗ್ಯಾರಂಟಿ ನಡೆಯಲ್ಲ. ಇಡೀ ಪೆಟ್ಟಿಗೇನೇ ಬದಲಾಯಿಸ್ಬೇಕು, ಹೊರದೇಶದಿಂದ ಬರಕ್ಕೆ ನಾಲ್ಕು ತಿಂಗಳು. ಮಾಲೀಕ್ರು ಸಹಿ ಹಾಕ್ಬೇಕು" ಎಂದು ಅಮ್ಮನಿಗೆ ಹೇಳಿದ. ಮಾಲೀಕರು ಕಾಡಿನಲ್ಲಿ. ಅವನು ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ, ಕೊಬ್. ಬಿಚ್ಚದೆ ಒಳಗೆ ನೀರಿದೆ ಅಂದ. ಅವನ ಕೆಲಸದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಹಾಗೆ ಕೈಗೆ ಕರೆಯಾಗದೆ ದುಡಿಯುವುದು ನಮ್ಮ ವಂಶದಲ್ಲಿ ನಿನಗೊಬ್ಬನಿಗೇ ಬಂದದ್ದು.

ಆವತ್ತಿನಿಂದ ಅಮ್ಮ ಅಮ್ಮನಾಗಿ ಉಳಿಯಲಿಲ್ಲ. ಕಾರು ಹೋಯಿತೆಂದು ಅವಳ ದುಃಖವಲ್ಲ. ಮಗ ಕಾವಿಯಲ್ಲಿರುವಾಗ ಅವನ ವಸ್ತುವನ್ನು ತನ್ನ ಕೈಯಾರೆ ಕೆಡಿಸಿದೆ, ಪುಣ್ಯ ಕಟ್ಟಿಕೊಳ್ಳಲು ಹೋಗಿ ಪಾಪ ಕಟ್ಟಿಕೊಂಡೆ, ಕಾವಿಯ ಅಂಚು ಕೈಯಿಂದ ಜಾರಿತು ಅನ್ನುತ್ತಾಳೆ. ಬೆಳಿಗ್ಗೆ ಎದ್ದು ಕಾರಿನ ಮೂತಿಗೆ ಮಲ್ಲಿಗೆ ಹಾರ, ಮುಂದೆ ಒಂದು ಬಾಟಲಿ ಕೆಂಪು ಸೋಡಾ, ಹೀರುವ ಕೊಳವೆ ಹಾಕಿ. ಗಾಡಿಯನ್ನು ಕಾಯುವ ತಾಯಿ ಮೇ ಯಾನಾಂಗ್ ಮುನಿದಿದ್ದಾಳೆ ಎಂದು ಕ್ಷಮೆ ಕೇಳುತ್ತಾಳೆ. ಕಾರಿಗೆ ಹಾರ, ಸೋಡಾ. ನನಗೆ ನಿನ್ನೆಯ ಅನ್ನ. ಅದಕ್ಕೂ ಹೊಟ್ಟೆ ಉರಿದುಕೊಂಡೆ, ನಗಬೇಡ. ಎದುರಿನ ಲಮ್ಯೈ ದೊಡ್ಡಮ್ಮನಿಗೆ ಮಾತ್ರ ಇದರಲ್ಲೂ ಲಾಭ. ಪರದೆ ಸಾಯುವಾಗ ತೋರಿಸಿದ ಮೂರು ಅಂಕಿಗೆ ಲಾಟರಿ ಕಟ್ಟಿದಳು, ಕೊನೆಯ ಎರಡು ಹೊಡೆಯಿತು. "ನಿನ್ ತಮ್ಮನ್ ಕಾರಿಗೆ ಇನ್ನೊಂದ್ ಸಲ ತೀರ್ಥ ಹಾಕ್ಸಲ್ವೇನೇ?" ಎಂದು ಕೋಸಂಬರಿಗೆ ಪರಂಗಿಕಾಯಿ ಕುಟ್ಟುತ್ತ ಕೇಳುತ್ತಾಳೆ.

ನಗುವಂತಿಲ್ಲದ್ದು ಇನ್ನೊಂದಿದೆ. ಲುವಾಂಗ್ ಪೋ ಕಿವಿಗೆ ಸುದ್ದಿ ಮುಟ್ಟಿತು. "ನನ್ ಕೈ ಹತೋಟಿ ತಪ್ಪಿದೆ, ಇನ್ಮೇಲೆ ಗಾಡಿಗಳಿಗೆ ನನ್ನ ಕರೀಬೇಡಿ" ಎಂದು ವಿಹಾರದಲ್ಲಿ ಹೇಳಿದರಂತೆ. ಅರವತ್ತು ವರ್ಷ ಈ ಊರಿನ ಎಮ್ಮೆಗಾಡಿಯಿಂದ ಹಿಡಿದು ಬಸ್ಸಿನವರೆಗೆ ಗಂಧ ಬರೆದ ಕೈ ಅದು. ಅಮ್ಮ ನಾಚಿಕೆಯಿಂದ ಅವರಿಗೆ ಮುಖ ತೋರಿಸುವುದಿಲ್ಲ. ಬೆಳಗಿನ ಭಿಕ್ಷೆಗೆ ಅವರು ಬೀದಿಯಲ್ಲಿ ಬರುವ ಹೊತ್ತಿಗೆ ಬಾಗಿಲ ಹಿಂದೆ ನಿಲ್ಲುತ್ತಾಳೆ, ಅನ್ನದ ಬಟ್ಟಲು ಕೈಯಲ್ಲೇ ಇರುತ್ತದೆ. ಅವರು ನಮ್ಮ ಮನೆಯ ಮುಂದೆ ಎರಡು ಉಸಿರು ನಿಲ್ಲುತ್ತಾರೆ. ಬಾಗಿಲು ತೆರೆಯುವುದಿಲ್ಲ. ಮುಂದೆ ಹೋಗುತ್ತಾರೆ. ಮೆಟ್ಟಿಲ ಮೇಲೆ ನಿಂತು ನಾನು ದಿನಾ ಇದನ್ನು ನೋಡಿದೆ. ಅಮ್ಮ ತೂಕ ಇಳಿದಳು. ಬರುವ ತಿಂಗಳು ನೀನು ಕಾವಿ ಬಿಟ್ಟು ಬಂದಾಗ ಕಾರು ನೋಡಿ ಏನೂ ಅನ್ನದೆ ಮುಗುಳ್ನಗುತ್ತೀಯಲ್ಲ, ಆ ಮುಗುಳ್ನಗೆಗೆ ಹೆದರಿ ಅವಳ ಪ್ರಾಣ ಹೋಗುತ್ತದೆ ಎಂದು ನನಗೆ ಅನ್ನಿಸಿತು. ಅದಕ್ಕೇ ಬಿಚ್ಚಿದೆ.

ಹೇಗೆ ಬಿಚ್ಚಿದೆ ಎಂದು ನಿನಗೆ ಬೇಸರವಾಗುವಷ್ಟು ಹೇಳಬಲ್ಲೆ, ಕೇಳಿಸಿಕೋ. ಲೋಹದ ಕಡ್ಡಿ ಹಾಕಿದರೆ ಗೀರು ಬೀಳುತ್ತದೆಂದು ಬಿದಿರಿನ ಚಕ್ಕೆ ಸವೆಸಿ ಹಲಗೆ ಎಬ್ಬಿಸಿದೆ. ಒಂದು ಗೀರಿಲ್ಲ, ಭೂತಗನ್ನಡಿ ಹಿಡಿದು ಹುಡುಕು. ಪರದೆಯ ಹಿಂದಿನ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟು ಮುಚ್ಚಳ ಬಿಚ್ಚಿದರೆ ಒಳಗೆ ಒಂದು ಹನಿ ಇಲ್ಲ. ಕಲೆ ಇಲ್ಲ, ಹಸಿರು ಕಿಲುಬಿಲ್ಲ, ಬೇಸಿಗೆಯ ಗದ್ದೆಯ ಹಾಗೆ ಒಣ. ತೀರ್ಥ ಸೀಟಿನವರೆಗೆ ಬಂದು ಅಲ್ಲೇ ನಿಂತಿದೆ. ಕೆಟ್ಟಿದ್ದು ನೆನಪಿನ ಚಿಪ್. ಅದು ಏನನ್ನಾದರೂ ಬರೆದುಕೊಳ್ಳುತ್ತಿರುವಾಗ ನಡುವೆ ಕರೆಂಟ್ ಹೋದರೆ ಹೀಗಾಗುತ್ತದೆ, ಅರ್ಧ ಹಳೆಯದು, ಅರ್ಧ ಹೊಸದು, ಯಾವುದೂ ಓದಲಾಗದು. ಕೋಳಿ ಸಾಗಿಸುವ ಪಿಕಪ್‌ಗಳ ಅಗ್ಗದ ಪರದೆಗಳಲ್ಲಿ ತಿಂಗಳಿಗೆ ಎರಡು ಇಂಥವು ಬರುತ್ತವೆ. ನಿನ್ನ ಕಾರಿಗೂ ಅದೇ ಕಾಯಿಲೆ, ಅದೇ ಮದ್ದು. ಇದನ್ನು ತಿಳಿದಾಗ ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ.

ಮದ್ದು ಸಿಗುವುದು ಮಾತ್ರ ಕಷ್ಟವಾಯಿತು. ಸರಾಬುರಿಯ ದಾರಿಯಲ್ಲಿ ಅಪಘಾತದ ಕಾರುಗಳನ್ನು ಒಟ್ಟುವ ಒಂದು ಗುಜರಿ ಇದೆ. ಬಸ್ಸು ಹತ್ತಿ ಹೋಗಿ, ಅದೇ ಜಾತಿಯ ಮುಖ ಜಜ್ಜಿದ ಕಾರೊಂದನ್ನು ಹುಡುಕಿ, ಮಳೆಯಲ್ಲಿ ಕೊಡೆ ಹಿಡಿದು ಅದರ ಪೆಟ್ಟಿಗೆ ಬಿಚ್ಚಿ ನೆನಪನ್ನು ನಕಲು ಮಾಡಿಕೊಂಡು ಬಂದೆ. ಮೂರು ಸಲ ಹೋಗಿದ್ದೇನೆ, ಮೊದಲೆರಡು ಸಲದ ನಕಲು ಹಿಡಿಯಲಿಲ್ಲ. ಬಿಚ್ಚಿದ ಒಂಬತ್ತನೇ ದಿನ ಚಿಪ್ ಕೂರಿಸಿ ಗುಂಡಿ ಒತ್ತಿ, ಪರದೆಯ ಮೇಲಿನ ಪುಟ್ಟ ಚಕ್ರ ಪೂರ್ತಿ ಸುತ್ತಿ ತಾನಾಗಿ ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕಾದೆ. ಪರದೆ ಬಂತು. ನಿನ್ನ ಹಾಡುಗಳು, ನೀನು ಗುರುತು ಹಾಕಿಟ್ಟ ಜಾಗಗಳು ಎಲ್ಲ ಹೋಗಿವೆ, ಬಂದು ಮತ್ತೆ ತುಂಬಿಕೋ. ಆ ಜಜ್ಜಿದ ಕಾರಿನವರ ಹೆಸರು ಇತ್ತು, ಅಳಿಸಿದೆ. ಈಗ ಅವಳು ಬರೀ "ಸ್ವಾಗತ" ಅನ್ನುತ್ತಾಳೆ, ಯಾರಿಗೆಂದು ಹೇಳುವುದಿಲ್ಲ.

ಅಮ್ಮನನ್ನು ಕರೆದು ತೋರಿಸಿದೆ. ಎಸಿ ಕಡಿಮೆ ಮಾಡಿ ತೋರಿಸಿದೆ, ಹಳೆಯ ಹಾಡು ಹಾಕಿದೆ. ಅಮ್ಮ ನನ್ನ ಕೈ ಹಿಡಿದುಕೊಂಡು, ಬೆಸುಗೆಯ ಸುಟ್ಟ ಗಾಯಗಳನ್ನು ಒಂದೊಂದೇ ಸವರಿದಳು. ಮಾರನೇ ದಿನ ನಾನು ಸಂತೆಯಲ್ಲಿ ಮೀನಿನ ಅಂಗಡಿಯ ಈ ಕಡೆ, ಅವಳು ಆ ಕಡೆ. ನನ್ನನ್ನು ನೋಡಿರಲಿಲ್ಲ. ಲಮ್ಯೈ ದೊಡ್ಡಮ್ಮನಿಗೆ, ಮೀನಿನವಳಿಗೆ, ಇನ್ನೂ ಇಬ್ಬರಿಗೆ ಹೇಳುತ್ತಿದ್ದಳು: "ಕಂಪನಿಯವ್ನೇ ಕೈಚೆಲ್ಲಿ ಹೋದ. ನಾನ್ ಕೆಡ್ಸಿದ್ದನ್ನ ನನ್ ಮಗಳು ತುಯ್ ಸರಿಮಾಡಿದ್ಲು. ಇಡೀ ಕೋರಾಟ್‌ನಲ್ಲಿ ಅವಳಂಥ ಕೈ ಇಲ್ಲ." ಐವತ್ತೊಂದು ವರ್ಷಕ್ಕೆ, ಕೊಬ್, ಮೊದಲ ಸಲ. ನನ್ನ ಮಗ ಹಾಗೆ, ನನ್ನ ಮಗ ಹೀಗೆ ಎಂದು ಆ ಬಾಯಿ ಹೇಳುವುದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಆವತ್ತು ನನ್ನ ಹೆಸರು ಬಂತು. ಮೀನು ಕೊಳ್ಳದೆ ಮನೆಗೆ ಬಂದೆ.

ಆದರೂ ಅಮ್ಮ ಬಾಗಿಲು ತೆರೆಯುತ್ತಿಲ್ಲ. ಪರದೆ ಸರಿಹೋದರೂ ಕೆಡಿಸಿದವಳು ತಾನೇ ಅನ್ನುತ್ತಾಳೆ. ಒಳಗೆ ನೀರಿರಲಿಲ್ಲ ಎಂದು ಅವಳಿಗೆ ಇನ್ನೂ ಹೇಳಿಲ್ಲ. ಹೇಳಿದರೆ, ಯಾಕ್ ಕೆಟ್ಟಿತು ಹಾಗಾದ್ರೆ, ಎಂದು ಕೇಳುತ್ತಾಳೆ. ಆಗ ಏನು ಹೇಳುವುದು ಎಂದು ಯೋಚಿಸುತ್ತಿದ್ದೇನೆ. ಇರಲಿ, ಆ ವಿಷಯ ಬಿಡು.

ಮಳೆ ನಿಂತಿಲ್ಲ, ಅಂಗಡಿಯ ಚಾವಣಿ ಒಂದು ಕಡೆ ಸೋರುತ್ತದೆ, ಕಾರಿರುವ ಕಡೆಯಲ್ಲ. ನಿನ್ನ ಗುರುಗಳಿಗೆ ನನ್ನ ಪ್ರಣಾಮ ತಿಳಿಸು. ನಾನು ನಿನಗೆ ಆಶೀರ್ವಾದ ಮಾಡುವಂತಿಲ್ಲ, ಅದೂ ಈಗ ನಿನ್ನ ಪಾಲಿಗೇ ಹೋಗಿದೆ. ಆದ್ದರಿಂದ ನೀನೇ ನನಗೊಂದಿಷ್ಟು ಒಳ್ಳೆಯದು ಬಯಸು, ಹೊಟ್ಟೆಕಿಚ್ಚಿನವರಿಗೂ ಸಲ್ಲುವಂಥದ್ದು ನಿಮ್ಮ ಮಂತ್ರಗಳಲ್ಲಿ ಇದ್ದರೆ. ಜಿಗಣೆಗಳಿಂದ ಹುಷಾರು.

ನಿನ್ನನ್ನು ಹೊತ್ತು ತಿರುಗಿದ,
ಅಕ್ಕ ತುಯ್

ಮತ್ತೆ: ಭಾನುವಾರ ಬೆಳಿಗ್ಗೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಇದನ್ನು ಅಂಚೆಗೆ ಹಾಕಬೇಕೆಂದಿದ್ದೆ. ಆದರೆ ನಿಮ್ಮ ಕಾಡಿನ ವಿಹಾರಕ್ಕೆ ಅಕ್ಕಿ ಒಯ್ಯುವ ಬೀದಿಯವರ ಪಿಕಪ್ ಈಗಲೇ ಹೊರಡುತ್ತದಂತೆ, ಅಮ್ಮನೂ ಹೋಗುತ್ತಿದ್ದಾಳೆ. ನಿನ್ನ ಕಾಲಿಗೆ ಬಿದ್ದು ಕಾರಿನ ತಪ್ಪು ಒಪ್ಪಿಕೊಳ್ಳಲು ಹೊರಟಿದ್ದಾಳೆ. ಬಿಳಿ ವಸ್ತ್ರ ಉಟ್ಟು ಮೆಟ್ಟಿಲ ಮೇಲೆ ಕೂತಿದ್ದಾಳೆ. ನನ್ನಿಂದ ಇನ್ನು ಆಗುವುದಿಲ್ಲ.

ಆ ಗುರುವಾರ ಬೆಳಿಗ್ಗೆ, ಲುವಾಂಗ್ ಪೋ ಬರುವ ಮೊದಲು, ನಾನು ಕಾರಿನಲ್ಲಿ ಕೂತಿದ್ದೆ. ಹೆಸರು ಬದಲಾಯಿಸುವ ಜಾಗ ಹುಡುಕಿ ನಿನ್ನದನ್ನು ಅಳಿಸಿ ನನ್ನದು ಹಾಕಿದೆ. ಆರಿಸಿ ಮತ್ತೆ ಹಚ್ಚಿದೆ. "ತುಯ್ ಅವರೇ, ಸ್ವಾಗತ" ಅಂದಳು. ಒಂದೇ ಸಲ. ನಾನು ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತೆ. ಅಷ್ಟರಲ್ಲಿ ಬಾಗಿಲಲ್ಲಿ ಅಮ್ಮನ ದನಿ. ಇಷ್ಟು ಜನರೆದುರು ಅದು ನನ್ನ ಹೆಸರು ಕೂಗಿದರೆ ಮಾನ ಹೋಗುತ್ತದೆಂದು ಗಡಿಬಿಡಿಯಲ್ಲಿ ನಿನ್ನ ಹೆಸರು ಮತ್ತೆ ತುಂಬಲು ಹೋದೆ. ಪರದೆಯಲ್ಲಿ ಆ ಪುಟ್ಟ ಚಕ್ರ ಸುತ್ತತೊಡಗಿತು, ಮುಗಿಯುವವರೆಗೆ ಆರಿಸಬೇಡಿ ಎಂದು ಬರೆದಿತ್ತು. ಅವರು ಹತ್ತಿರ ಬಂದೇಬಿಟ್ಟರು. ನಾನು ಫ್ಯೂಸ್ ಕಿತ್ತೆ. ಇಪ್ಪತ್ತೇಳು ವರ್ಷದಿಂದ ಯಾವುದನ್ನು ಮಾಡಬೇಡಿ ಎಂದು ಗಿರಾಕಿಗಳಿಗೆ ಬೈಯುತ್ತ ಬಂದಿದ್ದೇನೋ ಅದನ್ನೇ ಮಾಡಿದೆ. ಆಮೇಲೆ ಸಿಕ್ಕಿಸಿ ಸುಮ್ಮನೆ ನಿಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಐದು ವಾರ ನೋಡುತ್ತ ಬಾಯಿ ಮುಚ್ಚಿಕೊಂಡಿದ್ದೆ. ಸಂತೆಯಲ್ಲಿ ಆ ಮಾತು ಕೇಳಿದ ಮೇಲಂತೂ ಬಾಯಿ ಹೊಲಿದುಹೋಯಿತು.

ಲಕೋಟೆಗೆ ಅಂಟು ಹಚ್ಚುತ್ತಿಲ್ಲ. ಅಮ್ಮನ ಕೈಯಲ್ಲಿ ಹಾಗೇ ಕೊಡುತ್ತೇನೆ.

ಅಮ್ಮಾ, ನನಗೆ ಬಂದ ಪತ್ರಗಳನ್ನು ನನಗಿಂತ ಮೊದಲು, ನಾನು ಬರೆದವನ್ನು ಅಂಚೆಗೆ ಹಾಕುವ ಮೊದಲು ಓದುವವಳು ನೀನು. ಇದನ್ನೂ ಕೋರಾಟ್ ದಾಟುವ ಮೊದಲೇ ತೆರೆದಿರುತ್ತೀಯ, ಬೇಡ ಅನ್ನುವುದಿಲ್ಲ. ತೀರ್ಥದಿಂದ ಅಲ್ಲಮ್ಮ. ನಿನ್ನಿಂದಲೂ ಅಲ್ಲ, ಲುವಾಂಗ್ ಪೋ ಕೈಯಿಂದಲೂ ಅಲ್ಲ. ಕೆಡಿಸಿದವಳು ನಾನು. ವಾಪಸ್ ಬಂದ ಮಾರನೇ ಬೆಳಿಗ್ಗೆ ಬಾಗಿಲು ತೆರೆದು ಅವರ ಪಾತ್ರೆಗೆ ಅನ್ನ ಹಾಕು. ನನ್ನ ಬಗ್ಗೆ ಸಂತೆಯಲ್ಲಿ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಿದರೆ ತೆಗೆದುಕೋ. ಓದಿಯಾದ ಮೇಲೆ ಅಂಟಿಸಿ, ಹೆಂಗಸರ ಕೈಯಿಂದ ಏನನ್ನೂ ನೇರವಾಗಿ ತೆಗೆದುಕೊಳ್ಳುವಂತಿಲ್ಲದ ತಮ್ಮನ ಮುಂದೆ ಹಾಸಿದ ಬಟ್ಟೆಯ ಮೇಲೆ ಇಡು.